ಏಳು ಗಂಟೆಯ ದೆವ್ವವೂ ನನ್ನ ಬಿಳಿ ಸೀರೆಯೂ

ಹೊಟ್ಟೆಕಿಚ್ಚು ನನ್ನ ಸ್ವಭಾವವೇ ಅಲ್ಲ. ನಲ್ಲಿಯಲ್ಲಿ ನೀರು ಬಂದರೆ ಮಾದಪ್ಪನಿಗೆ ಕೈ ಮುಗಿಯುತ್ತೇನೆ. ಹಾಲು ಒಡೆಯದಿದ್ದರೆ ಇನ್ನೊಮ್ಮೆ ಮುಗಿಯುತ್ತೇನೆ. ಇಂಥ ನನ್ನ ಹೊಟ್ಟೆ ಉರಿಸಿದವಳು ಪಕ್ಕದ ಮನೆಯವಳಲ್ಲ, ಏಳು ಗಂಟೆಯ ಧಾರಾವಾಹಿಯ ದೆವ್ವ!

ಬಿಳಿ ಸೀರೆ, ಬಿಚ್ಚಿದ ಕೂದಲು. ಅತ್ತೆಮನೆಯವರು ಬಾವಿಗೆ ತಳ್ಳಿ ಕೊಂದರೆಂದು ಈಗ ಒಬ್ಬೊಬ್ಬರನ್ನೇ ಮುಗಿಸುತ್ತಿದ್ದಾಳೆ. ಬದನಗುಪ್ಪೆಯ ಕಾರ್ಖಾನೆಯಿಂದ ಬಂದ ನಮ್ಮ ಯಜಮಾನರು ಬೂಟು ಕೂಡ ಬಿಚ್ಚದೆ ಅವಳೆದುರು ಕೂರುತ್ತಾರೆ.

“ಪಾಪ! ಅವಳ್ದೇನ್ ತಪ್ಪದ?”

“ನಾಕು ಕೊಲೆ ಮಾಡವ್ಳೆ ರೀ!”

“ಕೆಟ್ಟೋರ್ನ ತಾನೆ? ಬುಡು.”

“ಆ ಡ್ರೈವರ್ ಏನ್ ಮಾಡಿದ್ದ?”

“ಅದು ಕೈತಪ್ಪು ಕಣಮ್ಮಿ. ಅವಳ ಮನಸು ಒಳ್ಳೇದು.”

ಮನಸು ಒಳ್ಳೆಯದಂತೆ! ನಾನು ಈವರೆಗೆ ಯಾರನ್ನೂ ಕೊಂದಿಲ್ಲ. ಮೊನ್ನೆ ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚಾಯಿತು. ಅದನ್ನು ಕೈತಪ್ಪು ಎನ್ನಲಿಲ್ಲ, ಎರಡು ದಿನ ಮುಖ ಊದಿಸಿಕೊಂಡರು. ಹದಿನೆಂಟು ವರ್ಷದ ಸಂಸಾರದಲ್ಲಿ ನನಗೆ ಒಂದೇ ಒಂದು ‘ಪಾಪ’ ಸಿಕ್ಕಿಲ್ಲ. ಪಡೆದೇ ತೀರುವುದೆಂದು ನಿರ್ಧರಿಸಿದೆ.

ಸೋಮವಾರ ಸಂಜೆ ಪೂಜೆ ಮುಗಿಸಿ, ದೇವರ ಹತ್ತಿರ ಮುಂಚಿತವಾಗಿ ಕ್ಷಮೆ ಕೇಳಿ, ಗುಂಡ್ಲುಪೇಟೆಯ ನಾದಿನಿ ಕೊಟ್ಟಿದ್ದ ಬಿಳಿ ಕೇರಳ ಸೀರೆ ಉಟ್ಟೆ. ತಲೆ ಬಿಚ್ಚಿದೆ. ಪೌಡರ್ ಸ್ವಲ್ಪ ಧಾರಾಳವಾಯಿತು. ಯಜಮಾನರು ಟೀವಿ ಮುಂದೆ ಕೂರುತ್ತಲೇ ಎದುರಿಗೆ ನಿಂತು, ಅವಳಂತೆಯೇ ಕತ್ತು ಓರೆ ಮಾಡಿ ನಕ್ಕೆ.

ಒಳಗಿನಿಂದ ಅತ್ತೆ ಬಂದರು!

“ಅಯ್ಯೋ ಮಾದಪ್ಪಾ! ದೀಪ ಅಚ್ಚಿರೋ ಒತ್ನಲ್ಲಿ ತಲೆ ಬಿಚ್ಕಂಡವ್ಳೆ! ಗಾಳಿ ಮೆಟ್ಕಂಡದ ಕಣ್ಲಾ ನಿನ್ನೆಂಡ್ರಿಗೆ!”

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಯಿಗೆ ವಿಭೂತಿ, ಬೆನ್ನಿಗೆ ಹಿತ್ತಲ ಬೇವಿನ ಸೊಪ್ಪಿನ ಏಟು. ಆಮೇಲೆ ಅತ್ತೆ, ಮೈಮೇಲೆ ಬಂದ ಗಾಳಿಯನ್ನು ನಮ್ಮ ಕಡೆ ಕೇಳುವ ಪದ್ಧತಿಯಂತೆ, ದನಿ ತಗ್ಗಿಸಿ ಕೇಳಿದರು:

“ಏನ್ ಬೇಕು ತಾಯಿ ನಿಂಗ? ಕೇಳು, ಕೊಟ್ಬುಡ್ತೀವಿ. ತಕ್ಕಂಡು ಒಂಟೋಗು.”

ಆ ಮನೆಯಲ್ಲಿ ನನಗೇನು ಬೇಕೆಂದು ಯಾರಾದರೂ ಕೇಳಿದ್ದು ಅದೇ ಮೊದಲು! ‘ಇದು ನಾನೇ ಅತ್ತೆ’ ಎಂದು ಹೇಳಿಬಿಡಬೇಕಿತ್ತು. ಹೇಳಲಿಲ್ಲ. ದಿನಾ ಮಾದಪ್ಪನ ಹೆಸರು ಹೇಳುವ ಬಾಯಲ್ಲೇ, ಅದೂ ವಿಭೂತಿ ತುಂಬಿದ ಬಾಯಲ್ಲೇ, ಸುಳ್ಳು ಗೊಗ್ಗರು ದನಿ ತೆಗೆದೆ.

“ನಿನ್ ಮಗ... ಇವಳನ್ನ ನೋಡಿ... ಒಂದ್ಸಲ ಪಾಪ ಅನ್ಲಿ. ಒಂಟೋಯ್ತೀನಿ.”

ಯಜಮಾನರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಕಣ್ಣು ತುಂಬಿತು. ನನ್ನ ಎದೆಯೂ ತುಂಬಿತು!

“ಪಾಪ,” ಎಂದರು. “ಆ ದೆವ್ವದ ಗತಿ ನೋಡವ್ವಾ! ಓಗಿ ಓಗಿ ಇವಳ ಮೈ ಸೇರ್ಕಂಡದಲ್ಲ!”

ಮಾತು ಕೊಟ್ಟಾಗಿತ್ತು. ಹೊರಟುಹೋದೆ, ಅಡುಗೆಮನೆಗೆ. ಮಾದಪ್ಪ ದೊಡ್ಡವನು: ಬೇವಿನ ಸೊಪ್ಪು ಎಳೆಯದಿತ್ತು, ಪೊರಕೆ ಅತ್ತೆಯ ಕೈಗೆ ಸಿಗಲಿಲ್ಲ.