ಮಿರ್ಚಿ ಅಂಗಡಿಯ ಕಣ್ಣಿನ ಹನಿ

ನೆರೆಮನೆಯಿಂದ ಇಸಿದುಕೊಂಡು ಬರುವ ವಸ್ತುಗಳಲ್ಲಿ ಎರಡು ಜಾತಿ. ಸಕ್ಕರೆ, ಚಹಪುಡಿ, ಏಣಿ ಇವೆಲ್ಲ ತಿರುಗಿ ಕೊಡಲೇಬೇಕಾದವು. ಹೆಪ್ಪಿಗೆ ಒಂದು ಚಮಚ ಮೊಸರು, ಒಂದೆಸಳು ಕರಿಬೇವು ಇಂಥವನ್ನು ತಿರುಗಿ ಕೊಡಲು ಹೋದರೆ ಕೊಟ್ಟವರಿಗೇ ಸಿಟ್ಟು ಬರುತ್ತದೆ. ಕಬ್ಬಿಣದ ಅದಿರಿನ ಗಣಿಗಳು ಜೋರಾಗಿದ್ದ ಆ ವರ್ಷಗಳಲ್ಲಿ ನಮ್ಮ ಹೊಸಪೇಟೆ ಕಡೆ ಈ ಎರಡನೆಯ ಜಾತಿಗೆ ಕಣ್ಣಿನ ಹನಿಯೂ ಸೇರಿಕೊಂಡಿತು. "ಯವ್ವಾ, ನಮ್ಮ ಮನಿಯವರಿಗೆ ಕಣ್ಣು ಬಂದಾವ, ನಿಮ್ಮ ಹನಿ ಬಾಟ್ಲಿ ಕೊಡ್ರಿ" ಎಂದು ಒಬ್ಬರು ಒಯ್ದರೆ, ಅದು ಓಣಿಯೆಲ್ಲ ತಿರುಗಿ ಕೆಂಪುಕಣ್ಣುಗಳನ್ನೆಲ್ಲ ಮಾತಾಡಿಸಿಕೊಂಡು, ಮೂತಿಗೆ ಯಾರದೋ ರೆಪ್ಪೆಕೂದಲು ಅಂಟಿಸಿಕೊಂಡು ಮನೆಗೆ ಬರುತ್ತಿತ್ತು. ಯಾವ ಡಾಕ್ಟರು, ಯಾರಿಗೆ, ಯಾವ ರೋಗಕ್ಕೆ ಕೊಟ್ಟದ್ದು ಎಂಬುದು ಅಷ್ಟರಲ್ಲಿ ಎಲ್ಲರಿಗೂ ಮರೆತುಹೋಗಿರುತ್ತಿತ್ತು.

ಕೆಂಪುಕಣ್ಣುಗಳಿಗಂತೂ ಬರವಿರಲಿಲ್ಲ. ಸಂಡೂರಿನ ಗುಡ್ಡಗಳನ್ನು ಅಗೆದು ತುಂಬಿಕೊಂಡ ಲಾರಿಗಳು ಇರುವೆ ಸಾಲಿನಂತೆ ಇಳಿದು ಬರುತ್ತಿದ್ದವು. ಬೆಳಿಗ್ಗೆ ಒಣಹಾಕಿದ ಬಿಳಿ ಬನಿಯನ್ ಸಂಜೆಗೆ ಇಟ್ಟಂಗಿ ಬಣ್ಣಕ್ಕೆ ತಿರುಗುತ್ತಿತ್ತು. ನಮ್ಮ ಓಣಿಯ ಬಿಳಿ ನಾಯಿ ಕೆಂದನಾಯಿಯಾಗಿ, ಮಳೆ ಬಂದಾಗ ಮಾತ್ರ ತನ್ನ ನಿಜರೂಪ ತೋರಿಸುತ್ತಿತ್ತು. ಆ ಧೂಳಿನ ಬಾಯಿಗೇ, ಸಂಡೂರು ರಸ್ತೆಯ ತಿರುವಿನಲ್ಲಿ, ನಮ್ಮ ಅಕ್ಕನ ಡಬ್ಬಿ ಅಂಗಡಿ. ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಾ.

ಅಕ್ಕನ ಹೆಸರು ಹುಲಿಗೆಮ್ಮ. ಭಾವ ತೀರಿಕೊಂಡ ಮೇಲೆ ಆ ಅಂಗಡಿ ಇಟ್ಟು ತನ್ನನ್ನೂ ಸಾಕಿಕೊಂಡಳು, ನನ್ನನ್ನೂ ಓದಿಸಿದಳು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಇದನ್ನು ಯಾರೂ ಕೇಳದಿದ್ದರೂ ನಾನು ಹೇಳುತ್ತೇನೆ, ನಾನು ಹೇಳದಿದ್ದರೆ ಅಕ್ಕ ಹೇಳುತ್ತಾಳೆ. ಕರಿ ಗೌನು ತೊಟ್ಟ ನನ್ನ ಫೋಟೋವನ್ನು ಅವಳು ಅಂಗಡಿಯಲ್ಲಿ ದೇವರ ಪಟಗಳ ಸಾಲಿಗೆ ತೂಗುಹಾಕಿದ್ದಳು. ಎಣ್ಣೆಹೊಗೆ ಕುಡಿದು ಕುಡಿದು ನಾನು ಅದರಲ್ಲಿ ಎಷ್ಟು ಕಪ್ಪಾಗಿದ್ದೆನೆಂದರೆ, ಹೊಸಬನೊಬ್ಬ ಲಾರಿ ಡ್ರೈವರು "ಇದು ಯಾವ ದೇವ್ರಕ್ಕಾ?" ಎಂದು ಕೇಳಿದ್ದನಂತೆ. "ಹೈಸ್ಕೂಲಿನ ಸೈನ್ಸ್ ಮೇಷ್ಟ್ರಲೇ, ಕೈ ಮುಗಿ" ಎಂದಿದ್ದಳು ಅಕ್ಕ.

ಒಮ್ಮೆ ಅಕ್ಕನಿಗೆ ಕಣ್ಣು ಕೆಂಪಾಗಿ, ಉರಿದು, ನೀರು ಸುರಿದು, ಡಾಕ್ಟರಿಗೆ ತೋರಿಸಿದಳು. ಅವರು ಒಂದು ಹನಿ ಬರೆದುಕೊಟ್ಟು, ಒಂದು ವಾರ ಹಾಕಿ ಮತ್ತೆ ಬಂದು ತೋರಿಸು ಎಂದಿದ್ದರು. ಮರುದಿನಕ್ಕೇ ಕಣ್ಣು ಹಾಲಿನಂತೆ ಬೆಳ್ಳಗಾಯಿತು. ಬೆಳ್ಳಗಾದ ಕಣ್ಣನ್ನು ಹೊತ್ತುಕೊಂಡು ಹೋಗಿ ಡಾಕ್ಟರಿಗೆ ಏನು ತೋರಿಸುವುದು? ಅಕ್ಕ ಹೋಗಲಿಲ್ಲ. ಆದರೆ ಧೂಳು ನಿಂತಿರಲಿಲ್ಲವಲ್ಲ. ಮತ್ತೆ ಕೆಂಪಾಯಿತು. ನಮ್ಮ ಕಡೆ ಕಣ್ಣು ಬಂದವರ ಮುಖ ನೋಡಿದರೇ ಅಂಟುತ್ತದೆ ಎಂದು ನಂಬಿಕೆ. ಹಾಗಿರುವಾಗ ಅಂಥವರ ಕೈಯಿಂದ ಮಿರ್ಚಿ ತಿನ್ನುವವರು ಯಾರು? "ಕಣ್ಣು ಕೆಂಪಿದ್ರ ಗಿರಾಕಿ ಪ್ಲೇಟ್ ಮುಟ್ಟಂಗಿಲ್ಲ ತಮ್ಮಾ" ಎನ್ನುತ್ತಿದ್ದಳು ಅಕ್ಕ. ಹಾಗಾಗಿ ಕಡಲೆಹಿಟ್ಟು ಕಲಸುವ ಮುಂಚೆ ಕಣ್ಣಿಗೆ ಹನಿ ಬಿಟ್ಟುಕೊಳ್ಳುವುದು, ಬಾಗಿಲಿಗೆ ನೀರು ಹಾಕಿದಷ್ಟೇ ಸಹಜವಾಯಿತು. ಔಷಧಿ ಅಂಗಡಿಯಲ್ಲಿ ಚೀಟಿಯನ್ನೂ ಕೇಳುತ್ತಿರಲಿಲ್ಲ. ಎಣ್ಣೆಗೆ ಹೋದಂತೆ ಖಾಲಿ ಬಾಟಲಿ ಹಿಡಿದು ಹೋದರೆ, ತುಂಬಿದ್ದು ಸಿಗುತ್ತಿತ್ತು.

ಡ್ರೈವರುಗಳಿಗೂ ಇದು ಗೊತ್ತಾಯಿತು. "ಅಕ್ಕಾ, ಒಂದು ಪ್ಲೇಟ್ ಮಿರ್ಚಿ, ಒಂದು ಚಾ, ಕಣ್ಣಿಗೆ ಎರಡು ಹನಿ" ಎಂದು ಆರ್ಡರು ಕೊಡತೊಡಗಿದರು. ಬೆಂಚಿನ ಮೇಲೆ ಸಾಲಾಗಿ ಕುಳಿತು, ಗುಬ್ಬಿಮರಿಗಳು ಕೊಕ್ಕು ತೆರೆದಂತೆ ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ತೆರೆದುಕೊಂಡಿರುತ್ತಿದ್ದರು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಒಬ್ಬೊಬ್ಬರಿಗೂ ಬಿಡುತ್ತ ಹೋಗುತ್ತಿದ್ದಳು. "ಮುಚ್ಚಬ್ಯಾಡಲೇ ಕಣ್ಣು! ಅಷ್ಟು ದೊಡ್ಡ ಲಾರಿ ಹೊಡೀತಿ, ಒಂದು ಹನಿಗೆ ಅಂಜ್ತೀಯಲ್ಲ!"

ನಾನು ಊರೊಳಗೆ ಬೇರೆ ಮನೆ ಮಾಡಿದ್ದೆ. ಹೀಗೇ ಕೆಲವು ವರ್ಷ ಕಳೆದ ಮೇಲೆ, ಭಾನುವಾರ ಅಂಗಡಿಗೆ ಹೋದಾಗಲೆಲ್ಲ ಅಕ್ಕ ಬೆಚ್ಚಿಬೀಳತೊಡಗಿದಳು. "ಕಳ್ಳ ಬಂದಂಗ ಬರ್ತೀಯಲ್ಲೋ! ಕೆಮ್ಮಿ ಬರಬಾರದ?" ನಾನು ಎದುರಿಗೇ, ತುಸು ಎಡಕ್ಕೆ ನಿಂತಿರುತ್ತಿದ್ದೆ. ಮೇಷ್ಟ್ರ ನಡಿಗೆ ಅಷ್ಟು ಮೆತ್ತಗಾಗಿದೆ ಎಂದು ನಕ್ಕೆ. ಆಮೇಲೆ ಚಾ ಲೋಟದ ಪಕ್ಕಕ್ಕೆ ಬೀಳತೊಡಗಿತು. ಅಕ್ಕ ಲೋಟಗಳನ್ನು ಬೈದಳು. ಒಂದು ದಿನ ಎದುರಿನ ಎಡಗಡೆಯಿಂದ ಬಂದ ಸೈಕಲ್ಲು ಅವಳನ್ನು ಕೆಡವಿತು. ಸೈಕಲ್ಲಿನವನು ಬೆಲ್ಲು ಬಾರಿಸುತ್ತಲೇ ಬಂದಿದ್ದನಂತೆ. "ನಾನು ಎದುರಿಗೇ ಬಂದೀನ್ರಿ ಸಾರ್, ಅಕ್ಕ ನನ್ನ ಕಡೀನ ನೋಡಿದ್ರು" ಎಂದು ಆಣೆ ಮಾಡಿದ. ಮಾರನೆ ದಿನ ಶಾಲೆಗೆ ರಜೆ ಹಾಕಿ ಅಕ್ಕನನ್ನು ಬಸ್ಸು ಹತ್ತಿಸಿದೆ.

ಬಳ್ಳಾರಿಯ ಕಣ್ಣಿನ ಆಸ್ಪತ್ರೆಯಲ್ಲಿ ಅಕ್ಕನನ್ನು ಒಂದು ಬಟ್ಟಲಿನಂಥ ಯಂತ್ರದ ಮುಂದೆ ಕೂರಿಸಿದರು. ನೋಟ ನೇರ ಇಟ್ಟುಕೊಂಡು, ಸುತ್ತ ಎಲ್ಲಿ ದೀಪ ಮಿನುಗಿದರೂ ಕೈಯಲ್ಲಿನ ಗುಂಡಿ ಒತ್ತಬೇಕು. ಅಕ್ಕ ಪರೀಕ್ಷೆಗೆ ಕೂತ ಹುಡುಗಿಯಂತೆ ಸೆರಗು ಬಿಗಿದುಕೊಂಡು ಕೂತಳು. ಹೊತ್ತು ಹೋಯಿತು. ಯಂತ್ರ ತನ್ನಷ್ಟಕ್ಕೆ ಗುಂಯ್‌ಗುಡುತ್ತಿತ್ತು, ಅಕ್ಕನ ಬೆರಳು ಆಗೊಮ್ಮೆ ಈಗೊಮ್ಮೆ ಆಡಿತು. ಕಡೆಗೆ ಅವಳು ಮುಖ ತೆಗೆಯದೆಯೇ ಯಂತ್ರ ನಡೆಸುವ ಹುಡುಗಿಯನ್ನು ಕೇಳಿದಳು, "ಯವ್ವಾ, ಮಷೀನು ಕೆಟ್ಟೈತೇನ್ ನೋಡ್ರಿ. ದೀಪಾನ ಹತ್ತವಲ್ದು." ಹಿಂದೆ ನಿಂತಿದ್ದ ನನಗೆ ದೀಪಗಳು ಕಾಣುತ್ತಿದ್ದವು. ಒಂದಾದ ಮೇಲೊಂದು ಹತ್ತುತ್ತಲೇ ಇದ್ದವು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಹನಿಯಲ್ಲಿ ಎರಡು ಔಷಧಿ ಇದ್ದವಂತೆ. ಒಂದು ಆಂಟಿಬಯಾಟಿಕ್, ರೋಗದ ಕ್ರಿಮಿ ಕೊಲ್ಲುವುದು. ಇನ್ನೊಂದು ಸ್ಟೀರಾಯ್ಡ್, ಊತ, ಕೆಂಪು ಇಳಿಸುವುದು. ಬೇಕಾದಾಗ, ಬೇಕಾದಷ್ಟು ದಿನ, ಡಾಕ್ಟರು ನೋಡುತ್ತಿರುವಾಗ ಹಾಕಿದರೆ ಅದರಂಥ ಔಷಧಿಯಿಲ್ಲ. ವರ್ಷಗಟ್ಟಲೆ ತಾವೇ ಹಾಕಿಕೊಂಡರೆ, ಮೇಲೆ ಕಣ್ಣು ಬೆಳ್ಳಗೆ ಹೊಳೆಯುತ್ತಿರುತ್ತದೆ. ಒಳಗೆ ಒತ್ತಡ ಏರಿ ನರ ಸಾಯುತ್ತಿರುತ್ತದೆ. ನೋವಿಲ್ಲ, ಸದ್ದಿಲ್ಲ. ನೋಟ ಅಂಚಿನಿಂದ ಸವೆಯುತ್ತ ಬರುತ್ತದೆ. "ಹೋದದ್ದು ಬರಂಗಿಲ್ಲಮ್ಮ. ಉಳಿದದ್ದನ್ನ ಉಳಿಸ್ಕೊಳ್ಳೋಣ. ಇನ್ನೊಂದು ಹನಿ ಕೊಡ್ತೀನಿ, ಇದನ್ನ ದಿನಾ ಹಾಕ್ಬೇಕು, ಬಿಡಂಗಿಲ್ಲ."

"ಹನಿಯಿಂದ ಹೋದದ್ದಕ್ಕ ಮತ್ತ ಹನೀನ?" ಎಂದಳು ಅಕ್ಕ. ನಕ್ಕಂತೆ ಮಾಡಿದಳು. ಬಸ್ಸಿನಲ್ಲಿ ಕಿಟಕಿ ಕಡೆ ಕೂತು ದಾರಿಯುದ್ದಕ್ಕೂ ಹೊರಗೇ ನೋಡಿದಳು. ಏನೆಲ್ಲ ಕಾಣುತ್ತದೆ, ಏನೆಲ್ಲ ಇಲ್ಲ ಎಂದು ಲೆಕ್ಕ ಹಾಕುತ್ತಿದ್ದಳೋ ಏನೋ.

ಮರುದಿನವೇ ಹಳೆಯ ಬಾಟಲಿ ಒಲೆಗೆ ಹೋಯಿತು. ತಲೆ ಹಿಂದಕ್ಕೆ ಚೆಲ್ಲಿ ಕೂತ ಡ್ರೈವರುಗಳಿಗೆ ಅಕ್ಕ, "ಏಳ್ರಲೇ, ದವಾಖಾನಿಗೆ ಹೋಗ್ರಿ. ನನ್ನ ಪಾಡು ನೋಡ್ರಿ" ಎಂದಳು. ಒಬ್ಬ ಮುನಿಸಿಕೊಂಡು ಎದುರಿನ ಅಂಗಡಿಗೆ ಚಾ ಕುಡಿಯಲು ಹೋದ. ನಾನು ಔಷಧಿ ಅಂಗಡಿಯವನೊಡನೆ ಜಗಳಕ್ಕೆ ಹೋಗಿ, ನನ್ನ ಬಿ.ಎಸ್ಸಿ.ಯನ್ನೆಲ್ಲ ಖರ್ಚು ಮಾಡಿ ಭಾಷಣ ಮಾಡಿದೆ. ಅವನು ಪೂರ್ತಿ ಕೇಳಿ, "ಖರೇ ಅದ ಸಾರ್. ಚಾ ತರಿಸ್ಲೇನು?" ಎಂದ.

ಇಲ್ಲಿಗೆ ಕತೆ ಮುಗಿದಿದ್ದರೆ ಸಾಕಿತ್ತು. ಆದರೆ ಹೊಸ ಹನಿಗೆ ಒಂದು ಗುಣವಿತ್ತು. ಅದು ಒಳಗಿನ ಒತ್ತಡ ಇಳಿಸುತ್ತಿತ್ತು, ಕಣ್ಣನ್ನು ಕೆಂಪಗೆ ಮಾಡುತ್ತಿತ್ತು. ಹಾಗಾಗಬಹುದು, ಗಾಬರಿಯಾಗಬೇಡಿ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ನಮಗೆ ಹೇಳಿದ್ದರು, ಗಿರಾಕಿಗಳಿಗೆ ಹೇಳಿರಲಿಲ್ಲ. "ಅಕ್ಕಾ, ಕಣ್ಣು ಬಂದಾವೇನು?" ಎಂದು ದೂರದಿಂದಲೇ ಕೇಳಿ ಮುಂದೆ ಹೋಗತೊಡಗಿದರು. ಕಣ್ಣು ಕೆಡಿಸಿದ ಹನಿ ಅಂಗಡಿ ನಡೆಸಿತ್ತು. ಕಣ್ಣು ಉಳಿಸುವ ಹನಿ ಅಂಗಡಿ ಮುಚ್ಚಿಸುವಂತಿತ್ತು. ಒಂದು ಭಾನುವಾರ ಹೋದರೆ ಅಕ್ಕನ ಕಣ್ಣು ಬೆಳ್ಳಗಿದ್ದವು.

"ಹನಿ ಹಾಕ್ಕೊಳ್ಳೋದು ನಿಲ್ಲಿಸೀಯೇನು?"

"ಹಬ್ಬದ ಯಾಪಾರ ಮುಗೀಲಿ, ಹಾಕ್ಕೊಂತೀನಿ."

"ಇದ್ದದ್ದೂ ಹೋದ್ರ ಏನ್ ಮಾಡ್ತಿ ಅಕ್ಕಾ?"

"ಇದ್ದಷ್ಟು ದಿನ ದುಡೀತೀನಿ. ಲೇ ತಮ್ಮಾ, ನಿನಗ ಸಾಲಿಯೊಳಗ ಕಣ್ಣು ಕೆಂಪಿದ್ರ ಹುಡುಗ್ರು ಅಂಜ್ತಾರ, ಪಗಾರ ನಿಲ್ಲಂಗಿಲ್ಲ. ನನಗ ಕೆಂಪಿದ್ರ ಒಲೀನ ನಿಲ್ತೈತಿ. ಹೇಳೋದು ಸಸಾರ, ಮಾಡೋದು ಕಷ್ಟ."

ಅವತ್ತಿನಿಂದ ಶಾಲೆ ಬಿಟ್ಟ ಮೇಲೆ ನಾನೇ ಅಂಗಡಿಗೆ ಹೋಗಿ ಒಲೆಯ ಮುಂದೆ ನಿಲ್ಲುವುದೆಂದಾಯಿತು. "ಮಿರ್ಚಿ ನಾನು ಕರೀತೀನಿ, ನೀನು ಹಿಂದ ಕುಂದ್ರು, ಹನಿ ಹಾಕ್ಕೋ" ಎಂದೆ. ಅಕ್ಕ ಬೇಡವೆಂದಳು, ಅಳಲಿಲ್ಲ, ಬೈದಳು. ನಾನು ಕರಿದ ಮಿರ್ಚಿ ಹೊರಗೆ ಕಪ್ಪು, ಒಳಗೆ ಹಸಿ. ಅಕ್ಕನ ಕೆಂಪುಕಣ್ಣಿಗೆ ಅಂಜಿದವರೂ ಅದನ್ನು ಒಂದು ಕಚ್ಚು ಕಚ್ಚಿ, "ಅಕ್ಕನ್ನ ಕರೀರಿ ಸಾರ್, ಕಣ್ಣು ಬಂದ್ರ ಬರ್ಲಿ" ಎಂದರು. ಹೀಗೆ ಅಂಗಡಿ ಉಳಿಯಿತು. ಈಗ ಅಕ್ಕ ಕರಿಯುತ್ತಾಳೆ. ನಾನು ಅವಳ ಎಡಕ್ಕೆ ನಿಂತು ಪ್ಲೇಟು ಕೊಡುತ್ತೇನೆ, ಇದು ಅಂಟುರೋಗವಲ್ಲ, ಔಷಧಿಯ ಕೆಂಪು ಎಂದು ಬಂದವರಿಗೆಲ್ಲ ಪಾಠ ಮಾಡುತ್ತೇನೆ.

ಹನಿ ಹಾಕುವ ಕೆಲಸವೂ ನನ್ನದೇ. ಕೈ ತೊಳೆದು, ಬಾಟಲಿಯ ಮೂತಿ ರೆಪ್ಪೆಗೆ ತಾಗದಂತೆ ಹಿಡಿದು, ಕೆಳರೆಪ್ಪೆ ಎಳೆದು ಒಂದೇ ಒಂದು ಹನಿ ಬಿಟ್ಟು, ಮೂಗಿನ ಬದಿಯ ಮೂಲೆಯನ್ನು ಮೆಲ್ಲಗೆ ಒತ್ತಬೇಕು. ಹೇಳುವುದು ಸಸಾರ, ಅಕ್ಕ ಅಂದಂತೆ. ಹನಿ ಕಣ್ಣು ತಪ್ಪಿ ಕೆನ್ನೆಗೆ ಬಿದ್ದು ಇಳಿಯುತ್ತದೆ. ಇನ್ನೊಂದು ಬಿಡುವಷ್ಟರಲ್ಲಿ ಬೆಂಚಿನ ಮೇಲಿನವರು ನೋಡಿಬಿಟ್ಟಿರುತ್ತಾರೆ. ಮೇಷ್ಟ್ರು ದಿನಾ ಸಂಜೆ ಬಂದು ಅಕ್ಕನ್ನ ಅಳಿಸಿ ಹೋಗ್ತಾರ ಎಂದು ಸಂಡೂರು ರಸ್ತೆಯಲ್ಲೆಲ್ಲ ಸುದ್ದಿಯಾಗಿದೆ. ಅದು ಔಷಧಿ ಮಾರಾಯ್ರೇ ಎಂದು ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ಅಕ್ಕ ಕೆನ್ನೆ ಒರೆಸಿಕೊಂಡು ಹಿಟ್ಟು ಕಲಸಲು ಹೋಗುತ್ತಾಳೆ. ಕೆಲವು ದಿನ ಹನಿ ಸರಿಯಾಗಿ ಕಣ್ಣೊಳಗೇ ಬಿದ್ದಿರುತ್ತದೆ, ಆದರೂ ಅವಳು ಕೆನ್ನೆ ಒರೆಸಿಕೊಳ್ಳುತ್ತಾಳೆ. ಅವತ್ತು ನಾನೂ ಊರವರ ಮಾತನ್ನೇ ನಂಬುತ್ತೇನೆ.