ಗಾಡಿಗೆ ಹೊಳಪು ಕೊಟ್ಟ ಶುಕ್ರವಾರ

ಜಮಖಂಡಿಯ ಯಾವ ಗಾಡಿಯೂ ಈ ಜನ್ಮದಲ್ಲಿ ಕಂಡಿರದಂಥ ಹೊಳಪನ್ನು ನಮ್ಮ ಗಾಡಿಗೆ ತಂದೇ ತರುತ್ತೇನೆ, ಅದೂ ನನ್ನ ಸ್ವಂತ ಕೈಯಿಂದ! ಹೀಗೆಂದು ನಾನು ಘೋರ ಪ್ರತಿಜ್ಞೆ ಮಾಡಿದಾಗ ನನ್ನ ಒಂದು ಕೈಯಲ್ಲಿ ಪುಟ್ಟ ಮಗಳಿಗೆ ಹೊದಿಸುವ ಒದ್ದೆ ದುಪಟಿ ಇತ್ತು, ಬಾಯಲ್ಲಿ ಬಟ್ಟೆಗೆ ಸಿಕ್ಕಿಸುವ ಚಿಮಟಿ ಇತ್ತು. ಆದ್ದರಿಂದ ಪ್ರತಿಜ್ಞೆ ಯಾರಿಗೂ ಕೇಳಿಸಲಿಲ್ಲ. ಅದೊಂದೇ ಪುಣ್ಯ.

ಕಾರಣ ಇಷ್ಟು. ಆ ಸೋಮವಾರ ಉಪ್ಪಿಟ್ಟು ತಿನ್ನುತ್ತ ನಮ್ಮವರು, ಎಂದರೆ ಕೌಸ್ತುಭ, ಗಾಡಿ ಮಾರುವುದಾಗಿ ಹೇಳಿದ್ದರು. ಬೀಳಗಿಯ ಕಿರಾಣಿ ಅಂಗಡಿಯ ಶಿವಯೋಗೆಪ್ಪ ಎಂಬವರು ರವಿವಾರ ನೋಡಲಿಕ್ಕೆ ಬರುತ್ತಾರಂತೆ.

"ಬಣ್ಣ ಸತ್ತು ಹೋಗ್ಯದ ರಸಿಕಾ. ಇನ್ನೊಂದು ಮಳಿಗಾಲ ಬಿಟ್ರ ಗುಜರಿಯಾಂವನೂ ಒಯ್ಯಂಗಿಲ್ಲ."

"ಬಣ್ಣಕ್ಕ ಮತ್ತ ಜೀವಾ ಬಂದ್ರ?"

"ಬಂದ್ರ ಮಾರಂಗಿಲ್ಲ, ಹೋಗು," ಎಂದು ನಕ್ಕು ಅವರು ಮುಧೋಳದ ತಮ್ಮ ಬ್ಯಾಂಕಿಗೆ ಹೊರಟುಹೋದರು. ಅವರು ಆ ಮಾತನ್ನು ಉಪ್ಪಿಟ್ಟಿನ ತಾಟಿನಲ್ಲೇ ಬಿಟ್ಟು ಹೋದರು. ನಾನು ಎತ್ತಿ ಸೆರಗಿಗೆ ಗಂಟು ಹಾಕಿಕೊಂಡೆ.

ಆ ಗಾಡಿ ನಮ್ಮ ಲಗ್ನಕ್ಕಿಂತ ಹಳೆಯದು. ಮಾವನವರು, ಸದಾಶಿವರಾಯರು, ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದಾಗ ಕೊಂಡ ಸಣ್ಣ ಬಿಳಿ ಕಾರು. ಶರ್ವರಿ ಹುಟ್ಟಿದ ಮೇಲೆ ದವಾಖಾನೆಯಿಂದ ಮನೆಗೆ ಬಂದದ್ದು ಅದರಲ್ಲೇ. ಅಂದು ನಮ್ಮವರು ಎಷ್ಟು ಮೆತ್ತಗೆ ನಡೆಸಿದರೆಂದರೆ, ಹಿಂದಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರೊಂದು ಹಾರ್ನು ಹೊಡೆದು, ಬೇಸರಪಟ್ಟು, ನಮ್ಮನ್ನು ದಾಟಿ ಹೋಯಿತು. ಈಗಲೂ ಮಧ್ಯಾಹ್ನ ಆ ಕೂಸಿಗೆ ತೊಟ್ಟಿಲು ಸೇರುವುದಿಲ್ಲ. ಬೇವಿನ ಗಿಡದ ಕೆಳಗೆ ನಿಂತ ಗಾಡಿಯ ಹಿಂದಿನ ಸೀಟೇ ಬೇಕು. ಕಿಟಕಿಯ ಕಾಜು ಇಳಿಸಿ, ಅವಳ ಕಾಲು ನನ್ನ ತೊಡೆಯ ಮೇಲೆ ಇಟ್ಟುಕೊಂಡು ನಾನು ಡೈರಿ ಬರೆಯುತ್ತೇನೆ. ಬೇವಿನ ಎಲೆಯ ನೆರಳು ಅವಳ ಹೊಟ್ಟೆಯ ಮೇಲೆ ಆಡುತ್ತದೆ. ಬರೆಯುತ್ತ ಬರೆಯುತ್ತ ನನ್ನ ಅಕ್ಷರಗಳೂ ನಿದ್ದೆಗೆ ಜಾರುತ್ತವೆ. ದಿನದಲ್ಲಿ ನನ್ನದೆಂದು ಇರುವುದು ಆ ಒಂದು ಹೊತ್ತು. ಅದನ್ನು ಬೀಳಗಿಗೆ ಕಳಿಸುವುದೆಂದರೆ?

ಹೀಗಾಗಿ ಅದೇ ಸೀಟಿನಲ್ಲಿ ಕುಳಿತು, ಮೊಬೈಲಿನ ದನಿ ತಗ್ಗಿಸಿ, ನಾನು ಪಾಲಿಶ್ ಶಾಸ್ತ್ರದ ಅಧ್ಯಯನಕ್ಕೆ ಇಳಿದೆ. ಎಂಥ ಲೋಕ ಅದು! ಅಲ್ಲಿ ಎರಡು ಜಾತಿಯ ಮಷೀನುಗಳಿವೆ. ಒಂದು, ರೋಟರಿ. ಒಂದೇ ಬಿಂದುವಿನ ಸುತ್ತ ಗರಗರ ತಿರುಗುತ್ತದೆ. ಬಲ ಬಹಳ, ಆದರೆ ಒಂದೇ ಕಡೆ ಸ್ವಲ್ಪ ಹೊತ್ತು ನಿಂತಿತೋ, ಬಣ್ಣ ಸುಟ್ಟುಹೋಗುತ್ತದೆ. ನನ್ನ ಸೋದರತ್ತೆಯೂ ಹೀಗೆಯೇ, ಒಂದೇ ಮಾತು ಹಿಡಿದು ತಿರುಗುತ್ತಾರೆ, ಎದುರಿಗಿದ್ದವರು ಕಪ್ಪಾಗುತ್ತಾರೆ. ಇನ್ನೊಂದು, ಡ್ಯುಯಲ್ ಆಕ್ಷನ್. ಅದು ತಿರುಗುತ್ತಲೂ ಇರುತ್ತದೆ, ತೂರಾಡುತ್ತಲೂ ಇರುತ್ತದೆ, ಈಗಷ್ಟೆ ನಡೆಯಲು ಕಲಿತ ನನ್ನ ಮಗಳಂತೆ. ಕೆಲಸ ನಿಧಾನ, ಆದರೆ ಹೊಸ ಕೈಗೆ ಅಪಾಯವಿಲ್ಲ. ನಾನು ತಾಯಿ. ಎರಡನೆಯದನ್ನೇ ಆರಿಸಿದೆ.

ಆಮೇಲೆ ಪ್ಯಾಡುಗಳು. ಗಟ್ಟಿ ಸ್ಪಂಜು ಗೀರು ಉಜ್ಜಲಿಕ್ಕೆ, ಮೆತ್ತನೆಯದು ಹೊಳಪು ಕೊಡಲಿಕ್ಕೆ. ಆಮೇಲೆ ದ್ರಾವಣಗಳು. ಕಂಪೌಂಡ್ ಎಂಬುದು ಗೀರು ಕಳೆಯುತ್ತದೆ, ಪಾಲಿಶ್ ಎಂಬುದು ಮಿರುಗು ತರುತ್ತದೆ, ವ್ಯಾಕ್ಸ್ ಎಂಬುದು ಆ ಮಿರುಗನ್ನು ಕಾಯುತ್ತದೆ. ಸೃಷ್ಟಿ, ಸ್ಥಿತಿ, ಲಯ ಇದ್ದಂತೆ, ಆದರೆ ಇಲ್ಲಿ ಲಯ ಮೊದಲು. ಡೈರಿಯಲ್ಲಿ ಶರ್ವರಿಯ ಲಸಿಕೆಯ ದಿನಾಂಕಗಳ ಪಕ್ಕದಲ್ಲೇ ಇದನ್ನೆಲ್ಲ ಬರೆದುಕೊಂಡೆ. ಕಣ್ಣು ಮುಚ್ಚಿದರೆ ಸಾಕು, ನಮ್ಮ ಗಾಡಿ ಚಿಕ್ಕಪಡಸಲಗಿಯ ಬ್ಯಾರೇಜಿನ ಹತ್ತಿರ ನಿಂತಿರುತ್ತಿತ್ತು. ಅದರ ಬಾನೆಟ್ಟಿನ ಮೇಲೆ ಕೃಷ್ಣೆಯ ಮೇಲಿನ ಆಕಾಶವೆಲ್ಲ ಮಲಗಿರುತ್ತಿತ್ತು. ಬೆಳ್ಳಕ್ಕಿಗಳು ಎರಡು ಸಲ ಹಾರುತ್ತಿದ್ದವು, ಒಮ್ಮೆ ನೀರಿನ ಮೇಲೆ, ಒಮ್ಮೆ ಬಾನೆಟ್ಟಿನಲ್ಲಿ.

ಅಧ್ಯಯನದಲ್ಲಿ ಒಂದು ಆಘಾತವೂ ಕಾದಿತ್ತು. ಬಿಸಿಲಿನಲ್ಲಿ ನೋಡಿದರೆ ಗಾಡಿಯ ಮೈಮೇಲೆಲ್ಲ ಜೇಡರ ಬಲೆಯಂತೆ ಸಣ್ಣ ಸಣ್ಣ ದುಂಡು ಗೀರುಗಳು. ಇವು ಎಲ್ಲಿಂದ ಬಂದವು? ದೂಳಿದ್ದ ಗಾಡಿಯನ್ನು ಒಣ ಬಟ್ಟೆಯಿಂದ ಒರಸುವುದರಿಂದ, ಎನ್ನುತ್ತಾನೆ ಮೊಬೈಲಿನ ತಜ್ಞ. ಕಬ್ಬು ನುರಿಸುವ ದಿನಗಳಲ್ಲಿ ಸಕ್ಕರೆ ಕಾರ್ಖಾನೆಯ ಕರಿ ಬೂದಿ ನಮ್ಮ ಕಡೆ ಎಲ್ಲದರ ಮೇಲೆಯೂ ಉದುರುತ್ತದೆ. ಹಪ್ಪಳದ ಮೇಲೆ, ದುಪಟಿಯ ಮೇಲೆ, ಗಾಡಿಯ ಮೇಲೆ. ಮತ್ತು ಮಾವನವರು ದಿನಾ ಮುಂಜಾನೆ ಸ್ನಾನ ಮುಗಿಸಿ, ಸ್ತೋತ್ರ ಗುನುಗುತ್ತ, ಹಳೆ ಧೋತರದ ತುಣುಕಿನಿಂದ ಆ ಬೂದಿಯನ್ನು ದುಂಡುದುಂಡಾಗಿ ಒರಸುತ್ತಾರೆ. ಆ ಬಲೆ ನೇಯ್ದವರು ಅವರೇ! ಸೊಸೆಯಾದವಳು ಇದನ್ನು ಯಾವ ಬಾಯಿಂದ ಹೇಳಬೇಕು? ಹೇಳಲಿಲ್ಲ. ಮಷೀನು ತರಿಸಿದೆ.

ಶುಕ್ರವಾರ ಬೆಳಿಗ್ಗೆ ಡಬ್ಬಿ ಬಂತು. ಪ್ಯಾಡು ನೋಡಿಯೇ ನನಗೆ ಮೋಹವಾಯಿತು. ಗಟ್ಟಿ ಪ್ಯಾಡು ಕೆಂಪು, ದುಂಡಗೆ, ದಾಸವಾಳದಂತೆ. ಶಾಖ ಹೊರಹೋಗಲೆಂದು ನಡುವೆ ಒಂದು ತೂತು. ಅದನ್ನು ಮಷೀನಿಗೆ ಅಂಟಿಸಿ ಇನ್ನೇನು ವಾಯರು ಚುಚ್ಚಬೇಕು, ಅತ್ತೆ ರಾಧಾಬಾಯಿ ಅಡ್ಡ ಬಂದರು.

"ಶುಕ್ರವಾರ ದಿವಸ ಮನಿಗೆ ಬಂದದ. ಪೂಜಿ ಇಲ್ಲದ ಚಾಲೂ ಮಾಡಬ್ಯಾಡ."

ನಮ್ಮ ಮನೆಯಲ್ಲಿ ಮೋಟಾರು ಇದ್ದದ್ದೆಲ್ಲಕ್ಕೂ ಪೂಜೆ ಉಂಟು. ಮಿಕ್ಸರಿಗೆ, ಫ್ಯಾನಿಗೆ, ಬೋರಿನ ಪಂಪಿಗೆ. ನವರಾತ್ರಿಯ ಖಂಡೆ ಪೂಜೆಯ ದಿನ ಮೊಬೈಲ್ ಚಾರ್ಜರಿಗೂ ಕುಂಕುಮ ಬಿದ್ದು, ಅದು ವಾರಗಟ್ಟಲೆ ಮುನಿಸಿಕೊಂಡಿತ್ತು. ಮಷೀನನ್ನು ಅತ್ತೆಯವರ ಕೈಗೆ ಒಪ್ಪಿಸಿ ನಾನು ಕೂಸಿಗೆ ನೀರು ಎರೆಯಲಿಕ್ಕೆ ಹೋದೆ. ಬಂದು ನೋಡಿದರೆ ದೇವರ ಮುಂದೆ, ಮಣೆಯ ಮೇಲೆ, ಪ್ಯಾಡಿನ ಮುಖ ಮೇಲೆ ಮಾಡಿಕೊಂಡು ಮಷೀನು ಮದುಮಗಳಂತೆ ಕುಳಿತಿತ್ತು. ಹಿಡಿಕೆಗೆ ಸೇವಂತಿಗೆ, ವಾಯರಿಗೆ ಅರಿಶಿಣ, ಊದಿನಕಡ್ಡಿಯ ಹೊಗೆ. ನಾನು ಶಾಸ್ತ್ರ ಓದಿದವಳಲ್ಲವೇ? ಹಿಡಿಕೆ ಒರಸಿದೆ, ವಾಯರು ಒರಸಿದೆ, ಕಂಪೌಂಡಿನ ಬಾಟಲಿಯ ಹಣೆ ಒರಸಿದೆ. ಪ್ಯಾಡು ಕೆಂಪಗಿತ್ತು. ಕೆಂಪಗಿರಬೇಕಾದ್ದೇ ಎಂದು ಬಿಟ್ಟೆ.

ಊಟ ಆದಮೇಲೆ ಮಾವನವರು ವಾಚನಾಲಯಕ್ಕೆ ಹೋದರು. ಶರ್ವರಿ ಅಂದೊಂದು ದಿನ ದೊಡ್ಡ ಮನಸ್ಸು ಮಾಡಿ ಪಡಸಾಲೆಯ ತೊಟ್ಟಿಲಲ್ಲೇ ಮಲಗಿದಳು. ನಾನು ಗಾಡಿ ತೊಳೆದೆ, ಒಣಗಿಸಿದೆ, ರಬ್ಬರಿನ ಅಂಚಿಗೆಲ್ಲ ಟೇಪು ಹಚ್ಚಿದೆ. ಬಿಳಿ ಬಣ್ಣದ ಮೇಲಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ನಮ್ಮವರ ಕಪ್ಪು ಕನ್ನಡಕ ಏರಿಸಿಕೊಂಡೆ. ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿ ಎನ್ನುತ್ತಾರೆ ಎಲ್ಲ ತಜ್ಞರೂ. ಒಂದೇ ಹನಿ ಕಂಪೌಂಡ್ ಹಾಕಿ ಎಡಗಡೆಯ ಬಾಗಿಲಿನ ಮೇಲೆ ಅಂಗೈಯಗಲ ಉಜ್ಜಿದೆ. ಬಲೆ ಮಾಯ! ಆ ತುಣುಕಿನೊಳಗಿಂದ ಒಬ್ಬ ಹೆಂಗಸು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿ ನಗುತ್ತಿದ್ದಳು. ಇನ್ನು ತಡೆಯುವವರು ಯಾರು? ಪ್ಯಾಡಿಗೆ ಧಾರಾಳವಾಗಿ ಕಂಪೌಂಡ್ ಸುರಿದು ಬಾನೆಟ್ಟಿಗೆ ಕೈ ಹಚ್ಚಿದೆ.

ಆ ಸದ್ದಿನ ಬಗ್ಗೆ ಒಂದು ಮಾತು ಹೇಳಬೇಕು. ನನ್ನ ತವರು ಬನಹಟ್ಟಿ. ನಮ್ಮ ಓಣಿಯಲ್ಲಿ ಎಡಕ್ಕೂ ಮಗ್ಗ, ಬಲಕ್ಕೂ ಮಗ್ಗ. ಕರೆಂಟ್ ಹೋಗಿ ಮಗ್ಗ ನಿಂತರೆ ನಮ್ಮ ಓಣಿಯ ಕೂಸುಗಳು ಎದ್ದು ಅಳುತ್ತಿದ್ದವು. ಈ ಮಷೀನಿನ ಗುಂಯ್‌ಗುಡುವಿಕೆ, ದೂರದ ಮಗ್ಗಗಳೆಲ್ಲ ಒಟ್ಟಾಗಿ ಜೋಗುಳ ಹಾಡಿದ ಹಾಗೆ ಇತ್ತು. ಕೈ ತಾನೇ ಹೋಗುತ್ತಿತ್ತು, ಅಡ್ಡ ಒಂದು ಸಾಲು, ಉದ್ದ ಒಂದು ಸಾಲು, ನೂಲು ಹಾಸಿದಂತೆ. ಕಪ್ಪು ಕನ್ನಡಕದೊಳಗೆ ಸಂಜೆಯಾಗಿತ್ತು. ಬೇವಿನ ನೆರಳು ನೀರಾಯಿತು. ನಾನು ಚಿಕ್ಕಪಡಸಲಗಿಯಲ್ಲಿದ್ದೆ. ಹೊಳೆಗಾಳಿ ಬೀಸುತ್ತಿತ್ತು, ಶರ್ವರಿ ಬಾನೆಟ್ಟಿನ ಆಕಾಶಕ್ಕೆ ಕೈ ಇಟ್ಟು ಮೋಡ ಹಿಡಿಯುತ್ತಿದ್ದಳು, ಕೌಸ್ತುಭ ಎಂಬ ಪುರುಷನು ತಲೆ ತಗ್ಗಿಸಿ, ಇಂಥ ಗಾಡಿ ಮಾರಬೇಕೆಂದಿದ್ದೆನಲ್ಲ, ನನ್ನ ಬುದ್ಧಿಗೆ ಏನಾಗಿತ್ತು ಎಂದು...

"ರಸಿಕಾ," ಬಾಗಿಲಿನಿಂದ ಅತ್ತೆಯವರ ದನಿ. "ಗಾಡಿಗೆ ನಾಚಿಕಿ ಬಂದದ ನೋಡು."

ಮಷೀನು ನಿಲ್ಲಿಸಿದೆ. ಕನ್ನಡಕ ತೆಗೆದೆ.

ಬಾನೆಟ್ಟು ಗುಲಾಬಿಯಾಗಿತ್ತು.

ಸುಮ್ಮನೆ ಗುಲಾಬಿಯಲ್ಲ. ಸಾಲುಸಾಲಾಗಿ, ನಾನು ಶಾಸ್ತ್ರೋಕ್ತವಾಗಿ ಕೈ ಆಡಿಸಿದ ಹಾಗೇ, ಅಡ್ಡ ಒಂದು ಗುಲಾಬಿ ಪಟ್ಟಿ, ಉದ್ದ ಒಂದು ಗುಲಾಬಿ ಪಟ್ಟಿ, ರಬಕವಿಯ ಚೌಕಡಿ ಸೀರೆಯಂತೆ. ಒರಸಿದೆ, ಹರಡಿತು. ಶಾಂಪೂ ಹಾಕಿದೆ, ಪಾತ್ರೆ ತೊಳೆಯುವ ಸೋಪು ಹಾಕಿದೆ, ಕೂಸಿನ ಸ್ನಾನದ ಕಡಲೆಹಿಟ್ಟೂ ಹಾಕಿದೆ. ಕೆಂಪು ಇಳಿದು ಶರ್ವರಿಯ ಗಲ್ಲದ ಬಣ್ಣಕ್ಕೆ ಬಂದು, ಅಲ್ಲಿಯೇ ಕುಳಿತುಬಿಟ್ಟಿತು. ಹಳೆಯ ಬಣ್ಣ ಸುಣ್ಣದಂತಾಗಿತ್ತಲ್ಲ, ಬಾಯಿ ತೆರೆದು ಕುಡಿದಿತ್ತು. ಪ್ಯಾಡು ಕಿತ್ತೆ. ನಡುವಿನ ತೂತಿನಿಂದ ನೆಂದ ಕುಂಕುಮದ ಉಂಡೆ ಒಂದು ನನ್ನ ಕಾಲ ಮೇಲೆ ಬಿತ್ತು. ಪರೀಕ್ಷೆಯ ಹೊತ್ತಿಗೆ ಒಣಗಿತ್ತು, ಕಂಪೌಂಡ್ ಸುರಿದಂತೆ ನೆನೆದು, ಮಷೀನು ತಿರುಗಿದಂತೆ ಹೊರಬಿದ್ದಿತ್ತು.

"ಅತ್ತಿ, ತೂತಿನ್ಯಾಗ ಕುಂಕುಮ ತುಂಬೀರಿ?"

"ಮತ್ತ ಅದರ ಹೊಕ್ಕಳಾ ಅದs ಅಲ್ಲೇನು? ಅಲ್ಲೆ ಬಿಟ್ಟು ಇನ್ನೆಲ್ಲೆ ಹಚ್ಚಲಿ?" ಎಂದು ಅತ್ತೆ ಒಳಗೆ ಹೋದರು.

ರವಿವಾರದ ತನಕ ಸಮಯವಿದೆ, ಪ್ಯಾಡು ತೊಳೆದು ಒಣಗಿಸಿ ಮತ್ತೆ ಉಜ್ಜಿ ಕಳೆಯುತ್ತೇನೆ ಎಂದು ಧೈರ್ಯ ತಂದುಕೊಂಡೆ. ಸಂಜೆ ಶಿವಯೋಗೆಪ್ಪನವರ ಫೋನು ಬಂತು. ರವಿವಾರ ತೇರದಾಳದಲ್ಲಿ ಲಗ್ನವಂತೆ, ನಾಳೆ ಬೆಳಿಗ್ಗೆಯೇ ಬರುತ್ತಾರಂತೆ. ನಮ್ಮವರು ಬ್ಯಾಂಕಿನಿಂದ ಬಂದು ಬಾನೆಟ್ಟಿನ ಪಟ್ಟಿಗಳ ಮೇಲೆ ಬೆರಳಾಡಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಈ ಬಣ್ಣಕ್ಕೆ ಕಂಪನಿಯವರು ಏನು ಹೆಸರಿಟ್ಟಿದ್ದಾರೆ ಎಂದು ವಿನಯದಿಂದ ಕೇಳಿದರು. ನಾನು ಡೈರಿ ಎದೆಗೊತ್ತಿಕೊಂಡು ಒಳಗೆ ಹೋದೆ. ಗಾಡಿಗೆ ಜೀವ ತರಲು ಹೋಗಿ ಅದರ ಮುಖಕ್ಕೇ ಬಣ್ಣ ಬಳಿದಿದ್ದೆ. ಇನ್ನು ಮಾರುವುದು ಖರೆ, ಅದೂ ಬಂದಷ್ಟಕ್ಕೆ.

ಮರುದಿನ ಶಿವಯೋಗೆಪ್ಪನವರು ಹೆಂಡತಿ ಮಾದೇವಿಯವರೊಡನೆ ಬಂದರು. ಬಾಗಿಲೆಂಬ ಬಾಗಿಲೆಲ್ಲ ತೆರೆದು ಮುಚ್ಚಿದರು, ಗಾಲಿ ಒದ್ದು ನೋಡಿದರು. ಎಡಗಡೆಗೆ ಬಂದವರು ನಾನು ಪರೀಕ್ಷೆ ಮಾಡಿದ ತುಣುಕಿನ ಮುಂದೆ ಬಗ್ಗಿ ನಿಂತೇಬಿಟ್ಟರು.

"ಇಲ್ಲೆ ನೋಡ, ಕನ್ನಡಿ ಇದ್ದಂಗ ಐತಿ. ಗಾಡಿ ಛಲೋ ಇಟ್ಟಾರ," ಎಂದು ಹೆಂಡತಿಗೆ ಹೇಳಿ, ಕಣ್ಣರಳಿಸಿಕೊಂಡೇ ಮುಂದಕ್ಕೆ ತಿರುಗಿದರು. ಕಣ್ಣು ಅರಳಿದಲ್ಲೇ ನಿಂತವು. "ಇದೇನ್ರಿ? ಎಲ್ಲೆರ ಬಡದಿತ್ತೇನು?"

ನಾನು ಶಾಸ್ತ್ರ ಬಿಡಿಸಿ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಚಹಾದ ತಾಟು ಹಿಡಿದು ಬಂದರು. ಅವರು ಆಡಿದ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಶುಕ್ರವಾರ ಪೂಜಿ ಮಾಡಿ ಕುಂಕುಮ ಏರಿಸಿದ್ದೆರಿ. ಒಳಗ ಇಳದಬಿಟ್ಟದ. ನಿನ್ನೆಯಿಂದ ತೊಳಿಲಿಕತ್ತೇವಿ, ಹೋಗವಲ್ದು."

ಮಾದೇವಿಯವರು ಚಹಾ ಮುಟ್ಟಲಿಲ್ಲ. ಬಾನೆಟ್ಟನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

"ಶುಕ್ರವಾರ ಹಚ್ಚಿದ ಕುಂಕುಮ ತೊಳದ್ರೂ ಹೋಗವಲ್ದು ಅಂದ್ರ, ಈಕಿಗೆ ಈ ಮನಿ ಬಿಡೂ ಮನಸಿಲ್ಲರಿ. ಇನ್ನೊಬ್ರ ಮನಿ ಲಕ್ಷ್ಮೀನ ಎಳಕೊಂಡು ಹೋಗಿ ನಾವೇನ ಬಾಳ್ವಿ ಮಾಡೂದೈತಿ?" ಗಂಡನ ಕಡೆ ತಿರುಗಿ, "ಚಹಾ ಕುಡೀರಿ, ಬಸ್ಸಿನ ಹೊತ್ತಾತು," ಎಂದರು.

ಶಿವಯೋಗೆಪ್ಪನವರು ಎಡಬಾಗಿಲನ್ನು ಇನ್ನೊಮ್ಮೆ ಆಸೆಯಿಂದ ನೋಡಿ, ಚಹಾ ಕುಡಿದರು. ಅತ್ತೆ ಮಾದೇವಿಯವರಿಗೆ ಉಡಿ ತುಂಬಿ ಕಳಿಸಿದರು. ನಾನು ಕಂಬದ ಹಿಂದೆ ನಿಂತು ನಮ್ಮವರ ಮುಖ ನೋಡಿದೆ. ಅವರು ಗುಲಾಬಿ ಬಾನೆಟ್ಟಿನ ಮೇಲೆ ಮೊಳಕೈ ಊರಿ ನಗುತ್ತಿದ್ದರು.

"ಜೀವಾ ಬಂದ್ರ ಮಾರಂಗಿಲ್ಲ ಅಂದಿದ್ದೆ. ಯಾವ ಬಣ್ಣದ ಜೀವಾ ಅಂತ ಹೇಳಿದ್ದಿಲ್ಲಲ್ಲ. ಇರಲಿ ಬಿಡು."

ಗಾಡಿ ಉಳಿಯಿತು! ನನ್ನ ಮಧ್ಯಾಹ್ನ ಉಳಿಯಿತು! ಹೇಗೇ ಇರಲಿ, ಉಳಿಸಿದವಳು ನಾನೇ ತಾನೆ ಎಂದು ಒಳಗೊಳಗೇ ಉಬ್ಬುತ್ತ ಅಡಿಗೆಮನೆಗೆ ಹೋದೆ. ದೇವರ ಗೂಡಿನಲ್ಲಿ ಕುಂಕುಮದ ಭರಣಿ ಬೋರಲಾಗಿತ್ತು. ಮೊನ್ನೆಯಷ್ಟೇ ನಾನೇ ತುಂಬಿಟ್ಟ ಭರಣಿ.

"ಅತ್ತಿ, ಇಡೀ ಭರಣಿ ಖಾಲಿ ಆಗೇದಲ್ಲ?"

"ತೂತು ಆಳ ಇತ್ತು," ಎಂದರು ಅತ್ತೆ, ಬದನೆಕಾಯಿ ಹೆಚ್ಚುತ್ತ.

ನಾನು ಭರಣಿ ಎತ್ತಿಕೊಂಡು ಅವರ ಎದುರಿಗೆ ಹೋದೆ. "ನಿಮಗ ಗೊತ್ತಿತ್ತೇನು?"

"ನಿನ್ನ ಕಂಪೌಂಡು ಗಿಂಪೌಂಡು ನನಗೇನ ಗೊತ್ತು ತಾಯಿ. ಅದು ತಿರಗ್ತದ ಅನ್ನೂದಷ್ಟ ಗೊತ್ತಿತ್ತು."

"ಮತ್ತ ನಾ ಎಲ್ಲಾ ಹೊಳಸಿದ್ರ ಇವರು ಮಾರ್ತಿದ್ದಿಲ್ಲಲ್ಲ?"

ಅತ್ತೆ ಈಳಿಗೆಯಿಂದ ತಲೆ ಎತ್ತಿದರು. "ಅಂಗೈಯಗಲ ಹೊಳದದ್ದಕ್ಕ ಆ ಬೀಳಗಿಯಾಂವಾ ಹೆಂಗ ಬಾಯಿ ಬಿಟ್ಟಾ, ನೋಡಿದಿಲ್ಲೊ? ಎಲ್ಲಾ ಹೊಳದಿದ್ರ, ಅಂವಾ ಕೇಳಿದಷ್ಟು ಕೊಡ್ತಿದ್ದಾ, ನನ್ನ ಮಗಾ ಕುಣಕೋತ ಕೀಲಿಕೈ ಕೊಡ್ತಿದ್ದಾ. ಈ ಹೊತ್ತಿಗೆ ಗಾಡಿ ಬೀಳಗ್ಯಾಗ ಇರ್ತಿತ್ತು."

ಅಷ್ಟು ದಿನದ ಅಧ್ಯಯನದಲ್ಲಿ ಯಾವ ತಜ್ಞನೂ ಈ ಒಂದು ಮಾತು ಹೇಳಿರಲಿಲ್ಲ. ಕೇಳಿದೆ, ಅತ್ತಿ, ನಿಮಗ್ಯಾಕ ಗಾಡಿಯ ಮ್ಯಾಲೆ ಇಷ್ಟು ಜೀವ? ನೀವು ಅದರೊಳಗ ಕೂತರ ತಲಿ ತಿರಗ್ತದ ಅಂತೀರಿ.

ಬಂದವರಿಂದಾಗಿ ಅಂದು ತಡವಾಗಿದ್ದ ಮಾವನವರ ಸ್ತೋತ್ರ ಹೊರಗೆ ಶುರುವಾಗಿತ್ತು. ಅದರ ಹಿಂದೆಯೇ ಧೋತರದ ತುಣುಕಿನ ಸರಸರ, ದುಂಡುದುಂಡಾಗಿ, ಗುಲಾಬಿ ಬಾನೆಟ್ಟಿನ ಮೇಲೆ.

"ಗಾಡಿ ಹೋಗಿದ್ರ," ಎಂದರು ಅತ್ತೆ, "ದಿನಾ ಮುಂಜಾನೆ ಆ ಧೋತರದ ಅರಬಿ ಹಿಡಕೊಂಡು ಅವರು ಎಲ್ಲೆ ಬರ್ತಿದ್ರು, ಹೇಳು?"

ಹೇಳಿ, ಗೋಡೆಯುದ್ದಕ್ಕೂ ಸಾಲಾಗಿ ನಿಂತ ತಮ್ಮ ಸ್ಟೀಲಿನ ಡಬ್ಬಿಗಳ ಕಡೆ ನೋಡಿದರು. ನಾನೂ ನೋಡಿದೆ. ಪ್ರತಿ ಡಬ್ಬಿಯೊಳಗಿಂದಲೂ ಇಷ್ಟಗಲ ಬಾಯಿ ತೆರೆದ ನನ್ನ ಮುಖ ನನ್ನನ್ನೇ ನೋಡುತ್ತಿತ್ತು. ಎಲ್ಲೂ ಒಂದು ಗೀರಿರಲಿಲ್ಲ.