ಕುಪ್ಪಸ್ವಾಮಿಯ ಕತೆಗೆ ಊರು ಅತ್ತದ್ದು

ಕತೆ ಬರೆದವನು ಅದನ್ನು ಗಟ್ಟಿಯಾಗಿ ಓದಿ ನೋಡಬೇಕು ಎಂದು ಬೆಂಗಳೂರಿನ ರಾಜಗೋಪಾಲ್ ಮೇಷ್ಟ್ರು ಹೇಳದೇ ಇದ್ದಿದ್ದರೆ ಆ ದಿನ ಕುಪ್ಪಸ್ವಾಮಿಯ ಮನೆ ಮುಂದೆ ತಮಟೆ ಬಡಿಯುತ್ತಿರಲಿಲ್ಲ, ಶಾಮಿಯಾನ ಏಳುತ್ತಿರಲಿಲ್ಲ, ಹೆಣ ಇಡುವ ಐಸ್ ಪೆಟ್ಟಿಯೂ ಬಂದು ಇಳಿಯುತ್ತಿರಲಿಲ್ಲ. ಉಪದೇಶ ಮಾಡುವವರಿಗೇನು, ಫೋನಿನೊಳಗೆ ಕೂತು ಹೇಳಿಬಿಡುತ್ತಾರೆ. ಅನುಭವಿಸುವವನು ತಮಿಳುನಾಡಿನ ಪೆನ್ನಾಗರಂ ಪಕ್ಕದ ಹಳ್ಳಿಯಲ್ಲಿರುತ್ತಾನೆ.

ಕುಪ್ಪಸ್ವಾಮಿಗೆ ನಲವತ್ತು ದಾಟಿತ್ತು. ಪೆನ್ನಾಗರಂನ ಗೊಬ್ಬರದ ಅಂಗಡಿಯಲ್ಲಿ ಕೆಲಸ. ಮದುವೆ ಯಾಕೋ ಕೂಡಿಬಂದಿರಲಿಲ್ಲ. ಮನೆಯಲ್ಲಿ ಅವನು, ಅವನ ಅವ್ವ ಯಲ್ಲಮ್ಮ, ಒಂದಷ್ಟು ಕುರಿಗಳು, ಅಷ್ಟೇ. ಮನೆಯ ಮಾತು ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು. ಹಾಗಾಗಿ ಅವನು ಕತೆಯನ್ನು ಕನ್ನಡದಲ್ಲಿ ಯೋಚಿಸಿ ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದ. ತಮಿಳರು ಓದಿದರೆ ಅರ್ಥವಾಗುತ್ತಿರಲಿಲ್ಲ, ಕನ್ನಡದವರಿಗೆ ಓದಲು ಬರುತ್ತಿರಲಿಲ್ಲ. ಇಷ್ಟು ಭದ್ರವಾಗಿ, ಯಾರ ಕೈಗೂ ಸಿಗದ ಹಾಗೆ ಬರೆದ ಲೇಖಕ ಭೂಮಿಯ ಮೇಲೆ ಇನ್ನೊಬ್ಬ ಇರಲಿಕ್ಕಿಲ್ಲ.

ಆದರೂ ಅವನಿಗೆ ಒಂದೇ ಒಂದು ಆಸೆಯಿತ್ತು. ತಾನು ಕಣ್ಣು ಮುಚ್ಚುವುದರೊಳಗೆ ತನ್ನದೊಂದು ಕತೆ ಪುಸ್ತಕದಲ್ಲಿ ಅಚ್ಚಾಗಬೇಕು. ಒಂದೇ ಸಾಕು. ಆ ಆಸೆ ಊರಿಗೆಲ್ಲ ಗೊತ್ತಾಗಿ, ಊರಿನವರೆಲ್ಲ ಅವನಿಗೆ ದಾರಿ ತೋರಿಸುವವರೇ ಆಗಿಬಿಟ್ಟಿದ್ದರು. ಪಕ್ಕದ ಮನೆಯ ಕಣ್ಣಮ್ಮ ದೆವ್ವದ ಕತೆ ಬರಿ ಎಂದಳು. ಊರ ಹಿರಿಯ ಅಣ್ಣಯ್ಯಪ್ಪ, ತಮಿಳಿನಲ್ಲಿ ಬರೆದರೆ ಟಿವಿ ಸೀರಿಯಲ್ಲಿನವರಾದರೂ ತೆಗೆದುಕೊಳ್ಳುತ್ತಾರೆ, ಈ ಕನ್ನಡ ಕುರಿ ಕರೆಯೋದಕ್ಕೆ ಸರಿ, ಕತೆಗಲ್ಲ ಎಂದ. ಶಾಮಿಯಾನ, ಐಸ್ ಪೆಟ್ಟಿ ಬಾಡಿಗೆಗೆ ಕೊಡುವ ಸೆಲ್ವಂ ಮಾತ್ರ ತನ್ನ ಕಸುಬಿನ ಅನುಭವದಿಂದ ಹೇಳಿದ: ಕತೆಯಲ್ಲಿ ಯಾರಾದರೂ ಸಾಯಲೇಬೇಕು, ಸತ್ತರೆ ತಾನೇ ಜನ ಸೇರುವುದು.

ರಾಜಗೋಪಾಲ್ ಮೇಷ್ಟ್ರು ಫೋನಿನಲ್ಲಿ ಕತೆ ಬರೆಯುವುದನ್ನು ಹೇಳಿಕೊಡುತ್ತಿದ್ದರು. ನಿಮಗೆ ಯಾವುದು ಎಲ್ಲಕ್ಕಿಂತ ಹೆಚ್ಚು ಭಯವೋ ಅದನ್ನೇ ಬರೆಯಿರಿ ಎಂದು ಒಂದು ಪಾಠದಲ್ಲಿ ಅಪ್ಪಣೆಯಾಯಿತು. ಕುಪ್ಪಸ್ವಾಮಿಗೆ ಇದ್ದದ್ದು ಎರಡೇ ಭಯ. ಒಂದು ಅಂಗಡಿಯ ಯಜಮಾನನಾದ ಮುದಲಾಳಿ, ಇನ್ನೊಂದು ಅವ್ವ ಸತ್ತುಹೋಗುವುದು. ಮುದಲಾಳಿಯ ಕತೆ ಅರ್ಧ ಪುಟಕ್ಕೇ ನಿಂತುಹೋಯಿತು. ಅವ್ವನದು ನಿಲ್ಲಲಿಲ್ಲ. ಬರೆಯುತ್ತ ಬರೆಯುತ್ತ ಅವನೇ ಅತ್ತ. ಅವ್ವ ಬದುಕಿ ಹಿತ್ತಲಲ್ಲಿ ಕುರಿ ಬಯ್ಯುವುದು ಕೇಳಿಸುತ್ತಿದ್ದರೂ ಅತ್ತ.

ಶಿಷ್ಯರ ಕತೆಗಳಲ್ಲಿ ಚೆನ್ನಾದವನ್ನು ಆರಿಸಿ ಪುಸ್ತಕ ಮಾಡುವುದಾಗಿ ಮೇಷ್ಟ್ರು ಸಾರಿದರು. ಕುಪ್ಪಸ್ವಾಮಿಯ ಅಕ್ಷರದ ಪಾಡು ತಿಳಿದು, ವಿಡಿಯೋ ಕಾಲ್‌ನಲ್ಲಿ ಓದಿಬಿಡಿ, ಗುರುವಾರ ಹನ್ನೊಂದು ಗಂಟೆಗೆ, ದನಿಯಲ್ಲಿ ಜೀವ ಇರಲಿ, ಏನೇ ಆದರೂ ನಡುವೆ ನಿಲ್ಲಿಸಬೇಡಿ ಎಂದರು.

ಬುಧವಾರ ರಾತ್ರಿಯೇ ಅವನು ಹೊಟ್ಟೆನೋವೆಂದು ಮರುದಿನಕ್ಕೆ ಅಂಗಡಿಗೆ ರಜ ಹೇಳಿದ. ಗುರುವಾರ ಅವ್ವ ನಸುಕಿನಲ್ಲೇ ಟಗರೊಂದನ್ನು ಗೂಡ್ಸ್ ಆಟೋಗೆ ಹತ್ತಿಸಿಕೊಂಡು ಸಂತೆಗೆ ಹೋಗಿದ್ದಳು. ಮಾರಲು ಹೋಗುವಾಗ ಯಾರಾದರೂ ಎದುರು ಸಿಕ್ಕಿ ಎಲ್ಲಿಗೆ ಎಂದರೆ ವ್ಯಾಪಾರ ಕೆಡುತ್ತದೆಂದು ಪಿಟ್ಟೆನ್ನದೆ ಹೋಗಿದ್ದಳು. ಹಿಂದಿನ ಸಂಜೆ ಅವಳಿಗೆ ಕೆಮ್ಮು ಬಂದು, ಕಣ್ಣಮ್ಮನಿಂದ ಕಷಾಯ ಇಸಿದುಕೊಂಡು ಕುಡಿದು ಕಂಬಳಿ ಹೊದ್ದು ಮಲಗಿದ್ದಳು. ಹೀಗಾಗಿ ಕಣ್ಣಮ್ಮನ ಲೆಕ್ಕದಲ್ಲಿ ಯಲ್ಲಮ್ಮ ಇನ್ನೂ ಕಂಬಳಿಯೊಳಗೇ ಇದ್ದಳು.

ಕುಪ್ಪಸ್ವಾಮಿ ನಾಚಿಕೆಯವನು. ಬಾಗಿಲಿಗೆ ಚಿಲಕ ಹಾಕಿದ, ಕಿಟಕಿ ಮುಚ್ಚಿದ, ಇಯರ್‌ಫೋನ್ ಸಿಕ್ಕಿಸಿಕೊಂಡ. ಆಮೇಲೆ ಎಂಟು ಗಂಟೆಯಿಂದಲೇ ದನಿಗೆ ಜೀವ ತುಂಬಿ ಅಭ್ಯಾಸ ಶುರುಮಾಡಿದ, ಮುಗಿದರೆ ಮತ್ತೆ ಮೊದಲಿನಿಂದ.

"ಅವ್ವಾ, ಕಾಲ್ಗೆ ಮುಳ್ಳು ಚುಚ್ಚಿದ್ರೆ ಎಕ್ಕದ ಗಿಡದಾಲು ಬುಟ್ಕಂಡು ಮತ್ತೆ ಕುರಿ ಇಂದೆ ಓಡೋಳು ನೀನು. ಮಳೇಲಿ ಕಂಬಳೀನ ಮರಿಗೊದಿಸಿ ನೀನು ನೆಂದೋಳು. ಇವತ್ತು ಯಾಕವ್ವಾ ಎದ್ದೇಳಕಿಲ್ಲ?"

ಗೋಡೆಯ ಆಚೆ ಕಣ್ಣಮ್ಮ ಬೆರಣಿ ತಟ್ಟುತ್ತಿದ್ದಳು. ಅವಳ ಕೈ ನಿಂತಿತು.

ಆ ಸೀಮೆಯಲ್ಲಿ ಹೆಣದ ತಲೆದೆಸೆಯಲ್ಲಿ ಕೂತು, ಸತ್ತವರ ಗುಣ ಎತ್ತಿ ಆಡಿಕೊಂಡು ರಾಗವಾಗಿ ಅಳುವುದಕ್ಕೆ ಒಪ್ಪಾರಿ ಎನ್ನುತ್ತಾರೆ. ಅದು ಹೆಣ್ಣುಮಕ್ಕಳ ಪಾಲಿನ ಕೆಲಸ. ಯಲ್ಲಮ್ಮನಿಗೆ ಹೆಣ್ಣುಮಕ್ಕಳಿರಲಿಲ್ಲ. ನಾನು ಸತ್ತರೆ ತಲೆ ಹತ್ತಿರ ಕೂತು ಅಳುವವರು ಯಾರೂ ಇಲ್ಲ, ಮೂಕಪ್ರಾಣಿಯ ಹಾಗೆ ಹೋಗಬೇಕು ಎಂದು ಅವಳು ಸಾವಿನ ಮನೆಗಳಿಂದ ಬಂದಾಗಲೆಲ್ಲ ಕಣ್ಣಮ್ಮನ ಮುಂದೆ ಹೇಳಿಕೊಂಡು ಸಂಕಟಪಡುವುದಿತ್ತು. ಈಗ ಒಬ್ಬನೇ ಮಗ, ಗಂಡಸು, ಬಾಗಿಲು ಹಾಕಿಕೊಂಡು ಆ ಕೆಲಸವನ್ನೂ ತಾನೇ ಮಾಡುತ್ತಿದ್ದಾನೆಂದು ಕಣ್ಣಮ್ಮನಿಗೆ ಅನಿಸಿತು. ಸಗಣಿ ಕೈಯಲ್ಲೇ ಓಡಿದಳು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ನಮ್ಮಲ್ಲಿ ಎಂದೂ ಬರವಿಲ್ಲ. ಅಣ್ಣಯ್ಯಪ್ಪ ಬಂದು ಬಾಗಿಲಿಗೆ ಕಿವಿಯಿಟ್ಟು, ತಲೆಯ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡ. ಸೆಲ್ವಂಗೆ ಫೋನು ಹೋಯಿತು. ತಮಟೆಯವರಿಗೆ ಹೋಯಿತು. ಮೇಟೂರಿನ ಕಡೆಯ ನೆಂಟರು ಬಸ್ಸು ಹತ್ತಿದರು. ಹುಡುಗರು ಯಲ್ಲಮ್ಮನ ಫೋಟೋ ಹುಡುಕಿ, ಕಣ್ಣೀರು ಸುರಿಸುವ ಎರಡು ಕಣ್ಣುಗಳ ನಡುವೆ ಕೂರಿಸಿ ಫ್ಲೆಕ್ಸ್‌ಗೆ ಆರ್ಡರು ಕೊಟ್ಟರು. ಯಾರೋ ಬಾಗಿಲು ತಟ್ಟಲು ಹೋದರೆ ಅಣ್ಣಯ್ಯಪ್ಪ ತಡೆದ.

"ಸುಮ್ನಿರ್ರಲಾ. ಒಪ್ಪಾರೀನ ನಡುವೆ ತಡೀಬಾರ್ದು, ಸತ್ತೋರ ಜೀವ ಬಾಗ್ಲಲ್ಲೇ ನಿಂತ್‌ಬುಡ್ತದೆ. ಪಾವಂ, ಮುಗಿಸ್ಲಿ."

ಎಲ್ಲರೂ ಜಗಲಿಯ ಮೇಲೆ, ಬೀದಿಯಲ್ಲಿ, ಸೆಲ್ವಂ ತಂದು ಇಳಿಸಿದ ಐಸ್ ಪೆಟ್ಟಿಯ ಸುತ್ತ ಕೂತರು. ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ದುಂಡಗೆ ಸೇರಿದರು.

ಹನ್ನೊಂದಕ್ಕೆ ಕರೆ ಬಂತು. ಚಿಕ್ಕ ಪರದೆಯಲ್ಲಿ ಮೇಷ್ಟ್ರ ಕನ್ನಡಕ, ಸುತ್ತ ಶಿಷ್ಯರ ಮುಖಗಳು. ಕುಪ್ಪಸ್ವಾಮಿ ಕೈ ಮುಗಿದು ಓದತೊಡಗಿದ. ಅವನ ಕಿವಿ ಮುಚ್ಚಿದ್ದರಿಂದ ಅವನಿಗೆ ಹೊರಗಿನದೇನೂ ಕೇಳಿಸಲಿಲ್ಲ, ಬೆಂಗಳೂರಿಗೆ ಮಾತ್ರ ಎಲ್ಲವೂ ಕೇಳಿಸಿತು. ಅವನು ಒಂದು ಸಾಲು ಮುಗಿಸಿ ಉಸಿರೆಳೆದುಕೊಳ್ಳುವಾಗೆಲ್ಲ ಹೊರಗೆ ಹೆಂಗಸರು ಅವ್ವಾ ಎಂದು ಎದೆ ಬಡಿದುಕೊಂಡರು. ಮೆಲ್ಲಗೆ ತಮಟೆ ಶುರುವಾಯಿತು. ಮೇಷ್ಟ್ರು ಕನ್ನಡಕ ತೆಗೆದರು. ಒಬ್ಬ ಶಿಷ್ಯೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಾಯಿಯ ಹೆಣ ಮುಂದಿಟ್ಟುಕೊಂಡು ಮಗ ಓದುತ್ತಿದ್ದಾನೆ ಎಂದು ಅವರಿಗೂ ಖಾತ್ರಿಯಾಗಿತ್ತು. ಕುಪ್ಪಸ್ವಾಮಿ ಅವರ ಕಣ್ಣೀರನ್ನು ತನ್ನ ಬರವಣಿಗೆಯ ಲೆಕ್ಕಕ್ಕೆ ಬರೆದುಕೊಂಡ. ಇಷ್ಟು ವರ್ಷದ ಬದುಕಿನಲ್ಲಿ ಅವನಿಗೆ ಅಷ್ಟು ಸುಖವಾದದ್ದು ಅದೇ ಮೊದಲು.

ಅದೇ ಹೊತ್ತಿಗೆ ಯಲ್ಲಮ್ಮ ಸಂತೆಯಿಂದ ಬಂದಳು. ಟಗರು ಮಾರಾಟವಾಗಿರಲಿಲ್ಲ. ಬೀದಿಯ ತುದಿಯಲ್ಲಿ ನಿಂತು ನೋಡಿದರೆ ತನ್ನ ಮನೆ ಮುಂದೆ ಶಾಮಿಯಾನ, ತಮಟೆ, ಐಸ್ ಪೆಟ್ಟಿ. ಮನೆಯಲ್ಲಿ ಬಿಟ್ಟುಹೋಗಿದ್ದದ್ದು ಮಗನೊಬ್ಬನನ್ನೇ. ಹೊಟ್ಟೆನೋವೆಂದು ಅವನು ಮುದಲಾಳಿಗೆ ಫೋನಿನಲ್ಲಿ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಹಗ್ಗ ಕೈಬಿಟ್ಟಳು. ಟಗರು ಒಂದು ಕಡೆ ಓಡಿತು, ಅವಳು ನಡುಬೀದಿಯಲ್ಲಿ ಕುಸಿದು ಒಪ್ಪಾರಿ ಶುರುಮಾಡಿದಳು.

"ಕುಪ್ಪಾ, ನನ್ ಮಗ್ನೇ, ನನ್ನ ಎತ್ತಾಕ್ಬೇಕಾದೋನು ನೀನು, ನೀನೇ ಮಲಕ್ಕಂಡ್ಯಾ ಲಾ."

ಜನ ತಿರುಗಿ ನೋಡಿದರು. ಸತ್ತವಳು ಎದೆ ಬಡಿದುಕೊಂಡು ಅಳುತ್ತಿದ್ದಳು. ಕಣ್ಣಮ್ಮ ನಿಂತಲ್ಲೇ ಬಿದ್ದಳು. ತಮಟೆಯವರು ತಮಟೆ ಬಿಟ್ಟು ಓಡಿದರು. ಅಣ್ಣಯ್ಯಪ್ಪ ಕುಲದೇವರ ಹೆಸರು ಹೇಳುತ್ತ ಐಸ್ ಪೆಟ್ಟಿಯ ಹಿಂದೆ ಅವಿತ. ಈ ಗದ್ದಲ ಇಯರ್‌ಫೋನನ್ನೂ ತೂರಿಕೊಂಡು ಒಳಗೆ ಹೋಯಿತು. ಕತೆಯ ಕೊನೆಯ ಸಾಲು ಮುಗಿಸಿ ಕುಪ್ಪಸ್ವಾಮಿ ಫೋನನ್ನು ಕೈಯಲ್ಲಿ ಹಿಡಿದೇ ಬಾಗಿಲು ತೆಗೆದ.

ಮಗ ನೆಟ್ಟಗೆ ನಿಂತಿರುವುದನ್ನು ಕಂಡ ಯಲ್ಲಮ್ಮ ಎದ್ದು ಬಂದು, ಮೊದಲು ಅವನ ಮುಖ ಸವರಿದಳು, ಆಮೇಲೆ ಅದೇ ಕೈಯಿಂದ ಕಪಾಳಕ್ಕೆ ಬಿಟ್ಟಳು. ಕಳೆದುಹೋಯಿತು ಅಂದುಕೊಂಡದ್ದು ಸಿಕ್ಕಾಗ ಬರುವ ಸಿಟ್ಟು ಅದು. ಇದೆಲ್ಲ ಬೆಂಗಳೂರಿಗೆ ಸ್ಪಷ್ಟವಾಗಿ ಕಂಡಿತು.

"ಇವರು ಯಾರು?" ಮೇಷ್ಟ್ರು ಕೇಳಿದರು.

"ನಮ್ಮವ್ವ ಸಾರ್."

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. "ಬದುಕಿರೋ ತಾಯೀನ ಸಾಯಿಸಿ, ಜನ ಕರೆಸಿ ಹಿನ್ನೆಲೆಯಲ್ಲಿ ಅಳಿಸಿದ್ದೀರಿ. ಇದು ಕತೆ ಅಲ್ಲ ಕುಪ್ಪಸ್ವಾಮಿ, ಮೋಸ. ನನಗೆ ನಾಚಿಕೆಯಾಗುತ್ತೆ" ಎಂದು ಹೇಳಿ ಕರೆ ಕಡಿದರು. ಗುಂಪಿನಿಂದಲೂ ಅವನ ಹೆಸರು ತೆಗೆದರು.

ಊರು ಅಷ್ಟಕ್ಕೇ ಬಿಡಬೇಕಲ್ಲ. ಐಸ್ ಪೆಟ್ಟಿ ಒಂದು ಸಲ ಮನೆ ಮುಂದೆ ಇಳಿದರೆ ಖಾಲಿ ವಾಪಸು ಹೋಗಬಾರದು, ಹೋದರೆ ಆ ಬೀದಿಗೇ ಕೇಡು ಎಂದು ಸೆಲ್ವಂ ಪಟ್ಟು ಹಿಡಿದ. ಕೊನೆಗೆ ಒಂದು ಬೂದುಗುಂಬಳಕಾಯಿಗೆ ಅರಿಶಿನ ಕುಂಕುಮ ಹಚ್ಚಿ ಪೆಟ್ಟಿಯಲ್ಲಿ ಮಲಗಿಸಿ, ಕರೆಂಟು ಕೊಟ್ಟು, ಕುಪ್ಪಸ್ವಾಮಿಯ ಕೈಯಲ್ಲೇ ಹಾರ ಹಾಕಿಸಿದರು. ಮೇಟೂರಿನಿಂದ ಬಂದ ನೆಂಟರು ಅಳಲೂ ಆಗದೆ, ಉಣ್ಣದೆ ಹೋಗಲೂ ಆಗದೆ ಮುಖ ಊದಿಸಿಕೊಂಡು ಕೂತರು. ಇನ್ಮೇಲೆ ಯಾರಾದರೂ ಕತೆ ಓದೋದಾದ್ರೆ ಮೊದಲು ಬೀದಿಗೆ ಹೇಳಿ ಓದಬೇಕೆಂದು ಅಣ್ಣಯ್ಯಪ್ಪ ತೀರ್ಪು ಕೊಟ್ಟ.

ಸಂಜೆ ಕುಪ್ಪಸ್ವಾಮಿ ಮೂಲೆ ಹಿಡಿದು ಕೂತಿದ್ದ. ಅವನಿಗೆ ಬದುಕೇ ಬೇಡವೆನಿಸಿತ್ತು. ಬರೆದ ಹಾಳೆಗಳನ್ನು ಒಲೆಗೆ ಹಾಕಲು ಎದ್ದಾಗ ಯಲ್ಲಮ್ಮ ಮುದ್ದೆ ತೊಳಸುತ್ತಿದ್ದವಳು ಕೋಲು ಅಡ್ಡ ಹಿಡಿದಳು. ಊರೆಲ್ಲ ಕೇಳಿಸಿಕೊಂಡದ್ದು ನನಗೂ ಓದು ಎಂದಳು.

ಅವನು ಜೀವವಿಲ್ಲದ ದನಿಯಲ್ಲೇ ಓದಿದ. ಅವಳು ಅಲುಗಾಡದೆ ಕೇಳಿದಳು. ಮುಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಎಕ್ಕದಾಲು ಬುಟ್ಕಂತಿದ್ದಿದ್ದು ನಿಂಗೆಂಗ್ಲಾ ಗೊತ್ತು?"

"ನೋಡಿದ್ದೆ ಕಣವ್ವ."

ಯಲ್ಲಮ್ಮ ಒಲೆಯ ಸೌದೆ ಒಳಗೆ ತಳ್ಳಿದಳು. ಆಮೇಲೆ ಹೇಳಿದಳು: "ನಮ್ಮತ್ತೆ ಸತ್ತಾಗ್ಲೂ ಅದೇ ಒಪ್ಪಾರಿ, ನಮ್ಮವ್ವ ಸತ್ತಾಗ್ಲೂ ಅದೇ ಒಪ್ಪಾರಿ, ಸತ್ತೋರ ಎಸ್ರು ಮಾತ್ರ ಬ್ಯಾರೆ. ಇದು ನಂಗೇ ಅಂತ ಮಾಡಿದ್ದು. ಬುಕ್ಕಿಗಾಕಿದ್ರೆ ಊರ್ ಮೇಲಿರೋರೆಲ್ಲ ಅವರವ್ವದೀರ್ಗೆ ಓದ್ಬುಡ್ತಾರೆ ಕಣ್ಲಾ. ಬ್ಯಾಡ. ನಾ ಸತ್ಮೇಲೆ ನನ್ ತಲೆತಾವ ಕೂತ್ಕಂಡು ಓದು. ಅಲ್ಲೀಗಂಟ ಯಾರ್ಗೂ ಕೊಡಾಕಿಲ್ಲ ಅಂತ ಆಣೆ ಮಾಡು."

ಯಾರಿಗೂ ಬೇಡವಾದದ್ದನ್ನು ಅವ್ವ ಕೇಳುತ್ತಿದ್ದಾಳೆ. ಬೇಡವಾದದ್ದನ್ನು ಕೊಡುವುದಕ್ಕೆ ಎಷ್ಟು ಹೊತ್ತು. ಕುಪ್ಪಸ್ವಾಮಿ ಅವಳ ಕೈಮೇಲೆ ಕೈಯಿಟ್ಟು, ಕುಲದೇವರ ಮೇಲೆ ಆಣೆ ಮಾಡಿದ. ಅವಳ ಮುಖ ಅಷ್ಟು ಹಗುರಾದದ್ದನ್ನು ಅವನು ಕಂಡೇ ಇರಲಿಲ್ಲ.

ಅವಳು ಮುದ್ದೆ ಕಟ್ಟಿ ತಟ್ಟೆಗೆ ಹಾಕಿಕೊಂಡು ಊಟಕ್ಕೆ ಕೂತಾಗ ಫೋನು ಬಂತು. ರಾಜಗೋಪಾಲ್ ಮೇಷ್ಟ್ರು.

"ಕುಪ್ಪಸ್ವಾಮಿಯವರೇ, ದುಡುಕಿಬಿಟ್ಟೆ, ಕ್ಷಮಿಸಿ. ರೆಕಾರ್ಡಿಂಗ್‌ನ ಮತ್ತೆ ಕೇಳಿದೆ. ಆ ಅಳು, ತಮಟೆ ಎಲ್ಲ ಮರೆತು ನಿಮ್ಮ ಮಾತು ಮಾತ್ರ ಕೇಳಿದೆ. ಪುಸ್ತಕದ ಮೊದಲನೇ ಕತೆ ನಿಮ್ಮದೇ. ನಾಳೆ ಯಾರನ್ನಾದರೂ ಕೂರಿಸಿ ಕನ್ನಡ ಅಕ್ಷರಕ್ಕೆ ಇಳಿಸಿಕೊಳ್ತೀನಿ. ಒಪ್ಪಿಗೆ ತಾನೇ?"

ಬೇರೆ ಕತೆ ಕೊಟ್ಟರೆ ಆಗುತ್ತದೆಯೇ ಎಂದು ಕುಪ್ಪಸ್ವಾಮಿ ಕೇಳಿದ. ಆಗುವುದಿಲ್ಲ, ಅಂಥದ್ದು ಮನುಷ್ಯ ಒಂದೇ ಸಲ ಬರೆಯುವುದು ಎಂದರು. ಈಗ ಕೊಡುವ ಹಾಗಿಲ್ಲ, ಒಂದು ತೊಡಕಿದೆ ಎಂದು ಇವನು ತೊದಲಿದ. ಮೇಷ್ಟ್ರು ದೊಡ್ಡ ಮನಸ್ಸಿನವರು.

"ಪರವಾಗಿಲ್ಲ, ಈ ಪುಸ್ತಕ ಅಲ್ಲದಿದ್ದರೆ ಮುಂದಿನದು. ಇದಕ್ಕೋಸ್ಕರ ನಾನು ಕಾಯ್ತೀನಿ. ಯಾವಾಗ ಆಗಬಹುದು, ಒಂದು ಅಂದಾಜು ಹೇಳಿ."

ಕುಪ್ಪಸ್ವಾಮಿ ತಿರುಗಿ ಅವ್ವನನ್ನು ನೋಡಿದ. ಅವಳ ಕೆಮ್ಮು ಪೂರ್ತಿ ನಿಂತಿತ್ತು. ಹುರುಳಿ ಸಾರಿನಲ್ಲಿ ಮುದ್ದೆ ಮುರಿದು ಅದ್ದಿ, ಹಸಿದ ಹುಡುಗಿಯ ಹಾಗೆ ನುಂಗುತ್ತಿದ್ದಳು. ತಾನು ಏನು ಅಂದಾಜು ಮಾಡುತ್ತಿದ್ದೇನೆಂದು ಹೊಳೆದೊಡನೆ ಅವನು ಫೋನನ್ನು ಕಿವಿಯಿಂದ ಕಿತ್ತ. ಮೇಷ್ಟ್ರು ಹಲೋ ಹಲೋ ಎನ್ನುತ್ತಿದ್ದರೂ ಫೋನು ಆರಿಸಿದ.

"ಏನ್ಲಾ ಅಂಗ್ ನೋಡ್ತೀಯ?" ಯಲ್ಲಮ್ಮ ತಲೆಯೆತ್ತಿದಳು.

"ಏನಿಲ್ಲ ಕಣವ್ವ" ಎಂದ ಕುಪ್ಪಸ್ವಾಮಿ. "ಇನ್ನೊಂದ್ ಮುದ್ದೆ ಆಕ್ಲೇನವ್ವ?"